ಎರಡಾದ ಮೇಲೆ ಮೂರು

ಮೊದಲು ಸದ್ದು ಕೇಳಿಸಲಿಲ್ಲ. ಕಿಟಕಿ ಕಟ್ಟೆಯ ಮೇಲಿದ್ದ ಸ್ಟೀಲ್ ಲೋಟ ತಾನಾಗೇ ನಡುಗಿತು.

“ಅದು ಡಬಲ್ ಬಾಸ್,” ಎಂದಳು ವನಿತಾ. “ಆಳೆತ್ತರದ ಪಿಟೀಲು. ಎಂಟು ಜನ ಒಟ್ಟಿಗೆ ನುಡಿಸ್ತಾವ್ರೆ.”

ಆಮೇಲೆ ಸಣ್ಣ ಪಿಟೀಲುಗಳು ಬಂದವು. ಇಪ್ಪತ್ತನಾಲ್ಕು ಪಿಟೀಲು ಒಂದೇ ಸ್ವರ ಹಿಡಿದು ನಿಂತವು. ನಂತರ ಒಂದೊಂದೂ ತನ್ನ ಪಾಡಿಗೆ ತಾನು ಕೆಳಗೆ ಜಾರತೊಡಗಿತು. ಒಂದು ಬೇಗ, ಇನ್ನೊಂದು ನಿಧಾನ, ಮತ್ತೊಂದು ಜಾರಲೋ ಬೇಡವೋ ಎಂಬಂತೆ. ಎಎಸ್‌ಐ ಗಂಗರತ್ನಮ್ಮ ಸಂಗೀತ ತಿಳಿದವಳಲ್ಲ. ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಬೆಳಿಗ್ಗೆ ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ, ಬಸ್ಸು ಹತ್ತಿ ಠಾಣೆಗೆ ಬರುವವಳು. ಆದರೂ ಕಾಲಡಿಯ ನೆಲ ಮೆಲ್ಲಗೆ ಇಳಿಯುತ್ತಿದೆ ಅನ್ನಿಸಿ, ಕೂತಿದ್ದ ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಈ ಸಂಗೀತ ಬರೆದ ಪಿಟೀಲು ಸೆಲ್ವರಾಜ್, ಚಿನ್ನದ ಗಣಿಯ ಕಸ ಸುರಿದು ಎದ್ದ ಸೈನೈಡ್ ದಿಬ್ಬದ ಬುಡದಲ್ಲಿ ಹೆಣವಾಗಿ ಸಿಕ್ಕಿ ಅಂದಿಗೆ ಒಂಬತ್ತು ದಿನ. ಆತ್ಮಹತ್ಯೆ ಎಂದು ಬರೆದು ಕಡತ ಮುಚ್ಚಲು ಇನ್ಸ್‌ಪೆಕ್ಟರ್ ಕೊಟ್ಟಿದ್ದ ಗಡುವು ಸಂಜೆಗೆ ಮುಗಿಯುತ್ತಿತ್ತು.

“ಯಾವ ಸಿನಿಮಾದ್ದಮ್ಮ ಇದು?”

“ಬೇರೆ ಗ್ರಹಕ್ಕೆ ಹೋದೋರ ಕಥೆ. ನಮ್ಮ ದಿಬ್ಬದ ಮೇಲೇ ಶೂಟಿಂಗ್ ಮಾಡಿದ್ರು. ಆ ಗ್ರಹದ ನೆಲದೊಳಗೆ ಏನೋ ಒಂದು ಇರ್ತದೆ. ಕೊನೇವರೆಗೂ ಅದು ಕಣ್ಣಿಗೆ ಬೀಳಲ್ಲ. ಅಪ್ಪನ ಸಂಗೀತದಲ್ಲಿ ಮಾತ್ರ ಇರ್ತದೆ.” ವನಿತಾ ಲೋಟದ ಪಕ್ಕದಲ್ಲಿಟ್ಟು ಮೊಬೈಲಿಗೆ ಸಿಕ್ಕಿಸಿದ್ದ ಸ್ಪೀಕರನ್ನು ಸೆರಗಿನಿಂದ ಒರೆಸಿದಳು. “ನಲವತ್ತು ವರ್ಷ ದೆವ್ವದ ಸಿನಿಮಾಗಳಿಗೆ ಬೇರೆಯೋರ ಹೆಸರಲ್ಲಿ ಬರೆದ್ರು. ತೆರೆ ಮೇಲೆ ಅವರ ಹೆಸರು ಬರೋದಿದ್ದುದು ಇದೊಂದರಲ್ಲೇ.”

“ಎಸರು ಬರೋ ವ್ಯಾಳ್ಯದಾಗೆ ಯಾರಾದ್ರೂ ಜೀವ ಕಳ್ಕೊಂತಾರಾ?”

ವನಿತಾ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದಳು. ಬಂಗಾರಪೇಟೆಯ ಶಾಲೆಯೊಂದರಲ್ಲಿ ಟೀಚರು ಅವಳು. ಸೆಲ್ವರಾಜ್ ಸಾಯುವ ಹಿಂದಿನ ದಿನ ಇದೇ ಕೋಣೆಯಲ್ಲಿ ನಿಂತು ತಂದೆಗೆ ಒಂದು ಮಾತು ಅಂದಿದ್ದಳು. ತಾತನ ಸಂಗೀತ ಕೇಳಿ ಅವಳ ಮಗು ಬೆದರಿ, ಜ್ವರ ಬಂದು ಮಲಗಿತ್ತು. ಆ ಸಿಟ್ಟಿನಲ್ಲಿ ಅಂದ ಮಾತು: ‘ಜನ್ಮವೆಲ್ಲಾ ಜನರನ್ನ ಹೆದರಿಸೋದೇ ಆಯ್ತು ನಿಂದು. ಒಬ್ಬರನ್ನಾದರೂ ಒಂದು ದಿನ ಸಮಾಧಾನ ಮಾಡಿದ್ದೀಯಾ ಅಪ್ಪಾ?’

ಇದನ್ನು ಅವಳು ಗಂಗರತ್ನಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ತಾಯಿಗೂ ಹೇಳಿರಲಿಲ್ಲ.

“ಸಂಜೆಯೊಳಗೆ ನನಗೆ ಒಂದೇ ಒಂದು ಹೇಳಿ ಅಕ್ಕಾ,” ಎಂದಳು ಈಗ, ಅಡುಗೆಮನೆಗೆ ಕೇಳಿಸದ ದನಿಯಲ್ಲಿ. “ನನ್ನ ಮಾತಿಗೆ ಹಾರಿದ್ರಾ, ಇಲ್ವಾ? ಹೌದು ಅಂದ್ರೂ ಸರಿ. ಗೊತ್ತಿಲ್ದೆ ಮಾತ್ರ ನಾನು ಆ ಮಗುವಿಗೆ ಊಟ ಹಾಕಲಾರೆ.”

ಗಂಗರತ್ನಮ್ಮನಿಗೂ ಇಬ್ಬರು ಹೆಣ್ಣುಮಕ್ಕಳು. ಅವರು ಆಡಿದ ಬಿರುನುಡಿಗಳನ್ನು ಅನ್ನದ ಜೊತೆ ನುಂಗಿ ಮರೆತವಳು ಅವಳು. ಸೆಲ್ವರಾಜನೂ ನುಂಗಿರಬಹುದು, ಇಲ್ಲದೆಯೂ ಇರಬಹುದು. ಹೇಳುವುದು ಹೇಗೆ?

ಆಗ ಗಂಟೆ ಕೇಳಿಸಿತು.

ಪಿಟೀಲುಗಳೆಲ್ಲ ಥಟ್ಟನೆ ನಿಂತು, ಆ ನಿಶ್ಶಬ್ದದಲ್ಲಿ ಕಬ್ಬಿಣದ ಗಂಟೆ ಎರಡು ಸಲ ಹೊಡೆಯಿತು. ತುಸು ಬಿಟ್ಟು, ಮೂರು ಸಲ. ಅದಾದ ಮೇಲೆ ಕಹಳೆಗಳೆಲ್ಲ ಒಮ್ಮೆಗೇ ಚೀರಿದವು. ಗಂಗರತ್ನಮ್ಮ ಬೆಚ್ಚಿಬಿದ್ದಳು.

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು. ಸೆಲ್ವರಾಜನ ಹೆಂಡತಿ ಆದಿಲಕ್ಷ್ಮಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು.

“ಇನ್ನೊಂದ್ಸಲ ಆಕು.”

“ಏನಮ್ಮಾ?”

“ಆ ಗಂಟೆ ಇನ್ನೊಂದ್ಸಲ ಆಕು ಅಂದೆ.”

ವನಿತಾ ಹಿಂದೆ ಸರಿಸಿ ಹಾಕಿದಳು. ಎರಡು. ಬಿಟ್ಟು, ಮೂರು.

“ತಪ್ಪಾಗೈತೆ,” ಎಂದರು ಆದಿಲಕ್ಷ್ಮಮ್ಮ.

“ಸಂಗೀತದಾಗೆ ತಪ್ಪು ಸರಿ ನಿಮಗೆ ತಿಳಿತದಾ?” ಗಂಗರತ್ನಮ್ಮ ಕೇಳಿದಳು.

“ಅಯ್ಯೋ ಸಾಮಿ, ಸಂಗೀತ ಯಾರಿಗ್ಬೇಕು! ನಮ್ಮ ಮದುವೆ ದಿನವೂ ಅವರು ನುಡಿಸಿದ್ದು ಕೇಳಿ ನಮ್ಮತ್ತೆ ‘ಯಾವ ದೆವ್ವ ಬಂತು’ ಅಂದಿದ್ಲು.” ಒಂದು ಕ್ಷಣ ಆ ಮುಖದಲ್ಲಿ ನಗು ಸುಳಿದು, ದಾರಿ ತಪ್ಪಿದಂತೆ ಅಲ್ಲೇ ಆರಿಹೋಯಿತು. “ಇದು ಶಾಫ್ಟಿನ ಗಂಟೆ ಕಣಮ್ಮ. ಗಣಿಯೊಳಕ್ಕೆ ಜನಾನ ಇಳಿಸೋ ಕೇಜ್ ಇರ್ತಿತ್ತಲ್ಲ, ಅದರದು. ನಮ್ಮಪ್ಪ, ನಮ್ಮಣ್ಣ ಎಲ್ಲಾ ಅದರಾಗೇ ಇಳಿದೋರು. ಒಂದು ಒಡೆದ್ರೆ ನಿಲ್ಲು. ಎರಡು ಒಡೆದ್ರೆ ಇಳಿಸು. ಮೂರು ಒಡೆದ್ರೆ ಜನ ಕೇಜಿಗೆ ಅತ್ತುತಾ ಅವ್ರೆ, ಅಲ್ಲಾಡಿಸಬೇಡ. ಮೊದಲು ಮೂರು ಒಡೀಬೇಕು. ಜನ ಅತ್ತಿ, ಬಾಗಿಲು ಬಿದ್ದ ಮೇಲೆ ಎರಡು. ಈ ಗಣಿ ಲೈನಿನ ಮನೆಗಳಾಗೆ ಉಟ್ಟಿದ ಕೂಸಿಗೂ ಗೊತ್ತು.”

“ಇದರಾಗೆ ಎರಡು ಮೊದಲು ಬಂದೈತೆ.”

“ಅಂದ್ರೆ ಜನ ಅತ್ತೋಕೆ ಮುಂಚೇನೇ ಇಳಿಸು ಅಂದಂಗಾಯ್ತು.” ಆದಿಲಕ್ಷ್ಮಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡರು. “ಅವರೇ ಚೆನ್ನೈಗೆ ಓಗೋಕೆ ಮುಂಚೆ ಗಣಿಯಾಗೆ ಗಂಟೆ ಒಡೆಯೋ ಕೆಲಸದಾಗಿದ್ರು. ನಾಕು ವರ್ಷ. ಅವರು ಇಂಗೆ ಬರೆಯೋರಲ್ಲ. ಕೈ ಮುರಿದ್ರೂ ಬರೆಯೋರಲ್ಲ.”

ಗಂಗರತ್ನಮ್ಮ ಎದ್ದು ನಿಂತಳು. ಸೆಲ್ವರಾಜ್ ಬರೆದ ಮೂಲ ಹಾಳೆಗಳು ಮನೆಯಲ್ಲಿರಲಿಲ್ಲ. ಅವನ್ನು ಚೆನ್ನೈನ ರೆಕಾರ್ಡಿಂಗಿಗೆ ತೆಗೆದುಕೊಂಡು ಹೋದವನು ಒಬ್ಬನೇ, ಅವನ ಶಿಷ್ಯ ವಿಜಯಕುಮಾರ್. ಗುರುವಿನ ಬರಹವನ್ನು ತಿದ್ದಿದ್ದರೆ ಅವನೇ ತಿದ್ದಿರಬೇಕು. ಯಾಕೆ ತಿದ್ದಿದ?

*

ರಾಬರ್ಟ್‌ಸನ್‌ಪೇಟೆಯಲ್ಲಿ ಪಾತ್ರೆ ಅಂಗಡಿಯ ಮಹಡಿ ಮೇಲೆ ವಿಜಯಕುಮಾರನ ಮನೆ. ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಪಾಠ, ಹಿಂದಿನದರಲ್ಲಿ ವಾಸ. ನಲವತ್ತಾರು ವರ್ಷದ, ಸಣಕಲು ಮೈಯ ಮನುಷ್ಯ. ಬಾಗಿಲು ತೆಗೆದವನ ಕಣ್ಣು ಊದಿದ್ದವು.

“ಮತ್ತೆ ಬಂದ್ರಾ ಮೇಡಂ? ಹೇಳಿಕೆ ಬರೆಸಿದ್ದೆನಲ್ಲ.”

“ಬರೆಸಿದ್ದೆ ಕಣಪ್ಪ. ನಾನು ಸ್ವಲ್ಪ ಮಂದ. ಎರಡೆರಡು ಸಲ ಕೇಳಿದ್ರೇ ನಂಗೆ ಅರ್ಥ ಆಗೋದು. ಕೂತ್ಕೊಳ್ಳಲಾ?”

ಅವನು ಕುರ್ಚಿ ಎಳೆದ. ಕಿಟಕಿಯ ಕೆಳಗೆ ಬಸ್ಸೊಂದು ಹಾರನ್ ಹೊಡೆಯುತ್ತಾ ಬಂಗಾರಪೇಟೆಗೆ ಜನ ಕರೆಯುತ್ತಿತ್ತು. ಒಳಕೋಣೆಯ ಬಾಗಿಲಿಗೆ ಪರದೆ. ಅದರಾಚೆ ಯಾರೋ ಕೆಮ್ಮಿದರು.

“ಅಮ್ಮ,” ಎಂದ ಅವನು. “ಹುಷಾರಿಲ್ಲ. ಮಲಗವ್ರೆ.”

“ಮಲಗ್ಲಿ ಬುಡು. ನಿಮ್ಮ ಮೇಷ್ಟ್ರು ಬರೆದ ಹಾಳೆಗಳು ಬೇಕಿತ್ತು.”

ಅವನು ಕಪಾಟಿನಿಂದ ದಪ್ಪ ಕಟ್ಟೊಂದನ್ನು ತಂದು ಮೇಜಿನ ಮೇಲಿಟ್ಟ. ದೊಡ್ಡ ಹಾಳೆಗಳು, ಒಂದೊಂದರಲ್ಲೂ ಮೇಲಿಂದ ಕೆಳಗೆ ಐದೈದು ಗೆರೆಗಳ ಸಾಲು, ಅದರ ತುಂಬ ನೀಲಿ ಶಾಯಿಯ ಚುಕ್ಕೆಗಳು. ರಾಗಿ ಚೆಲ್ಲಿ ಹರಡಿದ ಹಾಗೆ ಕಂಡಿತು ಗಂಗರತ್ನಮ್ಮನಿಗೆ.

“ಇದು ಪೂರ್ತಿ ಹಾಳೆ,” ಎಂದ ವಿಜಯಕುಮಾರ್. “ಎಲ್ಲಾ ವಾದ್ಯವೂ ಒಂದೇ ಕಡೆ ಇರ್ತದೆ. ನುಡಿಸೋರಿಗೆ ಇಷ್ಟೆಲ್ಲಾ ಬೇಡ. ಪಿಟೀಲಿನವನಿಗೆ ಪಿಟೀಲಿನದು, ಕಹಳೆಯವನಿಗೆ ಕಹಳೆಯದು, ಗಂಟೆಯವನಿಗೆ ಗಂಟೆಯದು ಬೇರೆ ಬೇರೆ ಹಾಳೆಗೆ ಇಳಿಸಬೇಕು. ಅದೇ ನನ್ನ ಕೆಲಸ. ಹನ್ನೆರಡು ವರ್ಷದಿಂದ ಮಾಡ್ತಾ ಇದೀನಿ.”

“ಗಂಟೆ ಎಲ್ಲೈತೆ ತೋರಿಸು.”

ಅವನ ಬೆರಳು ತಕ್ಷಣ ಒಂದು ಸಾಲಿಗೆ ಹೋಯಿತು. ಹುಡುಕಲೇ ಇಲ್ಲ. ನೀಲಿ ಚುಕ್ಕೆ ಎರಡು; ಬಿಡುವು; ಮೂರು. ಸೆಲ್ವರಾಜನದೇ ಕೈ. ಅವನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಇದೇ ಶಾಯಿಯ, ಹೀಗೇ ಬಲಕ್ಕೆ ವಾಲಿದ ಬರಹವನ್ನು ಅವಳು ನೋಡಿದ್ದಳು.

ಹಾಗಾದರೆ ತಿದ್ದಿದ್ದು ಶಿಷ್ಯನಲ್ಲ. ನಾಲ್ಕು ವರ್ಷ ಗಂಟೆ ಹೊಡೆದವನೇ ಗಂಟೆಯನ್ನು ತಪ್ಪಾಗಿ ಬರೆದಿದ್ದ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಅನುಮಾನ ಒಂದೇ ಏಟಿಗೆ ಬಿದ್ದುಹೋಯಿತು. ಅವಸರ ಗಂಗರತ್ನಮ್ಮನ ಜಾಯಮಾನವಲ್ಲ. ಹಾಲು ಇಳಿಸದ ಹಸುವಿನ ಪಕ್ಕ ಕೂತು ಕಾದು ಅಭ್ಯಾಸ.

“ಗಂಟೆಯವನಿಗೆ ನೀನು ಇಳಿಸಿಕೊಟ್ಟ ಹಾಳೆ ಐತಾ?”

“ಅದ್ಯಾಕೆ?”

“ನೋಡ್ಬೇಕು ಅನ್ನಿಸ್ತು.”

ಅವನು ಹಿಂಜರಿದ. ಮತ್ತೊಂದು ಕಟ್ಟಿನಿಂದ ಒಂಟಿ ಹಾಳೆಯನ್ನು ಎಳೆದುಕೊಟ್ಟ. ಪೆನ್ಸಿಲಿನಲ್ಲಿ ನೀಟಾಗಿ ಬರೆದ ಹಾಳೆ. ಅವಳು ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದಳು.

ಎರಡು ಚುಕ್ಕೆ, ಬಿಡುವು, ಮೂರು ಚುಕ್ಕೆ. ಆದರೆ ಆ ಜಾಗದಲ್ಲಿ ಕಾಗದ ಸವೆದು ತೆಳುವಾಗಿತ್ತು. ರಬ್ಬರಿನಲ್ಲಿ ಉಜ್ಜಿದ ಗುರುತು. ಓರೆಯಾಗಿಸಿ ನೋಡಿದಳು. ಮೊದಲು ಬರೆದಿದ್ದ ಚುಕ್ಕೆಗಳ ಹಳ್ಳ ಇನ್ನೂ ಉಳಿದಿತ್ತು. ಮೂರು. ಬಿಡುವು. ಎರಡು.

ಹಾಳೆಯಲ್ಲಿ ಗಂಟೆ ಬರುವ ಜಾಗ ನಾಲ್ಕು. ನಾಲ್ಕರಲ್ಲೂ ಹಾಗೇ. ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಒಂದು ಸಾಲು: ‘ತಿದ್ದಬೇಡ. ನಾನು ಬರೆದಂಗೇ ಇರ್ಲಿ.’

“ವಿಜಯಕುಮಾರಾ,” ಎಂದಳು ಮೆಲ್ಲಗೆ. “ನೋಡಿ ಬರೆಯುವಾಗ ಕೈ ತಪ್ಪುತ್ತೆ. ಒಂದ್ಸಲ ತಪ್ಪಿದ್ರೆ ಕೈತಪ್ಪು. ನಾಕು ಕಡೆಯೂ ಒಂದೇ ತರ ತಪ್ಪಿದ್ರೆ?”

ಅವನು ಹಾಳೆಯನ್ನು ವಾಪಸು ತೆಗೆದುಕೊಳ್ಳಲು ಕೈ ಚಾಚಿದ.

“ನಂಗೆ ಶಾಫ್ಟಿನ ಗಂಟೆ ಗೊತ್ತಿಲ್ಲ. ನಾನು ಬರೆದಿದ್ರೆ ಕಂಡಂಗೇ ಬರೀತಿದ್ದೆ, ಎರಡು, ಮೂರು. ನೀನು ಮೇಷ್ಟ್ರು ಬರೆದಿದ್ದನ್ನ ಸರಿ ಮಾಡ್ದೆ. ನಿನ್ನ ಕೈಗೆ ಅದು ತಪ್ಪು ಅಂತ ಗೊತ್ತಿತ್ತು. ಹೇಳಿಕೆಯಾಗೆ ಏನು ಬರೆಸಿದ್ದೀಯ? ‘ನಾನು ಬಂಗಾರಪೇಟೆಯವನು, ತಂದೆ ಕಾಯಿಲೆಯಿಂದ ಸತ್ತರು, ಗಣಿಗೂ ನಮಗೂ ಸಂಬಂಧ ಇಲ್ಲ.’”

“ಮೇಷ್ಟ್ರು ಹೇಳಿಕೊಟ್ಟಿದ್ರು.”

“ಮೇಷ್ಟ್ರು ಯೇಳಿಕೊಟ್ಟಿದ್ರೆ ಅವರನ್ನ ಕೇಳ್ದೇ ತಿದ್ತಿದ್ಯಾ? ಕೇಳ್ತಿದ್ದೆ. ‘ಸಾರ್, ಇದ್ಯಾಕೆ ಇಂಗೆ’ ಅಂತ. ಗೊತ್ತಿದ್ದೂ ಗೊತ್ತಿಲ್ದಂಗೆ ತಿದ್ದಿದ್ದೀಯ. ಅನ್ನ ಕಲಸೋ ಕೈಯಂಗೆ, ಯೋಚನೆ ಇಲ್ದೆ ತಿದ್ದಿದ್ದೀಯ. ಚಿಕ್ಕಂದಿನಾಗೆ ಕಲಿತಿದ್ದು ಮಾತ್ರ ಅಂಗೆ ಬರ್ತದೆ ಕಣಪ್ಪ.”

ವಿಜಯಕುಮಾರ್ ಕೀಬೋರ್ಡಿನ ಮುಂದಿದ್ದ ಮಕ್ಕಳ ಸಣ್ಣ ಬೆಂಚಿನ ಮೇಲೆ ಕುಸಿದು ಕೂತ. ಮೊಣಕಾಲು ಗದ್ದಕ್ಕೆ ತಾಗುತ್ತಿದ್ದವು.

“ಊಟ ಮಾಡಿಸುವಾಗ,” ಎಂದ, ನೆಲ ನೋಡುತ್ತಾ. “ಅಪ್ಪ ತಟ್ಟೆಗೆ ಮೂರು ಸಲ ಬಡೀತಿದ್ರಂತೆ. ಜನ ಅತ್ತುತಾ ಅವ್ರೆ, ಬಾಯಿ ತೆಗಿ. ತುತ್ತು ಇಟ್ಟು ಎರಡು ಸಲ ಬಡೀತಿದ್ರಂತೆ. ಇಳಿಸು, ನುಂಗು. ನನಗೆ ಎರಡು ವರ್ಷ ಆದಾಗ ಅಪ್ಪ ಹೋದ್ರು. ಆಮೇಲೂ ಅಮ್ಮ ಹಂಗೇ ತಿನ್ನಿಸ್ತಿದ್ರು. ಆರು ವರ್ಷ ಆಗೋವರೆಗೂ.”

“ನಿಮ್ಮಪ್ಪನ ಎಸರು?”

“ಮುನಿಶಾಮಿ. ಕಾಯಿಲೆಯಿಂದ ಸಾಯಲಿಲ್ಲ. ಕೇಜಿನಲ್ಲಿ ಸತ್ರು. ಒಂದು ಕಾಲು ಒಳಗಿತ್ತು, ಒಂದು ಕಾಲು ಆಚೆ ಇತ್ತು, ಕೇಜ್ ಇಳಿದುಬಿಡ್ತು.” ಅವನ ದನಿಯಲ್ಲಿ ಏರಿಳಿತವೇ ಇರಲಿಲ್ಲ, ನೂರು ಸಲ ಒಳಗೊಳಗೇ ಹೇಳಿಕೊಂಡ ಮಾತಿನ ಹಾಗಿತ್ತು. “ವಿಚಾರಣೆ ನಡೀತಂತೆ. ಗಂಟೆ ಸರಿಯಾಗೇ ಹೊಡೆದಿತ್ತು, ಮುನಿಶಾಮಿ ಕುಡಿದು ಬಂದು ಚಲಿಸೋ ಕೇಜಿಗೆ ಹಾರಿದ ಅಂತ ಬರೆದ್ರು. ಅಮ್ಮ ಹೇಳ್ತಾರೆ, ಅಪ್ಪ ಒಂದು ತೊಟ್ಟೂ ಕುಡಿದವರಲ್ಲ. ಲೈನಿನಲ್ಲಿ ಯಾರೂ ನಂಬಲಿಲ್ಲ. ಕುಡುಕನ ಹೆಂಡತಿ ಅಂತ ಅನ್ನಿಸಿಕೊಳ್ಳೋಕಾಗ್ದೆ ನನ್ನನ್ನ ಎತ್ತಿಕೊಂಡು ತವರಿಗೆ ಬಂದುಬಿಟ್ರು. ಅದಕ್ಕೇ ನಾನು ಎಲ್ಲರಿಗೂ ಕಾಯಿಲೆ ಅಂತಾನೇ ಹೇಳೋದು.”

ಗಂಗರತ್ನಮ್ಮನಿಗೆ ಈಗ ತಿಳಿಯಿತು. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು.

“ಆವತ್ತು ಗಂಟೆ ಒಡೆದೋನು ಯಾರು?”

“ಎರಡು ಮೊದಲು, ಆಮೇಲೆ ಮೂರು,” ಎಂದ ವಿಜಯಕುಮಾರ್. “ನಿದ್ದೆಗಣ್ಣಿನಲ್ಲಿ ಹೊಡೆದೆ ಅಂದ್ರು ಮೇಷ್ಟ್ರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಹೆದರಿ ಸುಳ್ಳು ಸಾಕ್ಷಿ ಹೇಳಿ, ಪಿಟೀಲು ತಗೊಂಡು ಊರು ಬಿಟ್ರಂತೆ. ನಾನು ಯಾರ ಮಗ ಅಂತ ಗೊತ್ತಿದ್ದೇ ಹನ್ನೆರಡು ವರ್ಷ ಪಾಠ ಹೇಳಿಕೊಟ್ಟವ್ರೆ ಮೇಡಂ. ನನ್ನ ಮೇಲೆ ಪ್ರೀತಿ ಅಂದ್ಕೊಂಡಿದ್ದೆ ನಾನು.”

“ಪ್ರೀತಿ ಇರಲಿಲ್ಲ ಅಂತ ಯಾಕಂತೀಯ?”

ಅವನು ತಲೆ ಎತ್ತಿದ.

“ಯಾವಾಗ ಯೇಳಿದ್ರು ಇದನ್ನ?”

“ಸತ್ತ ದಿನವೇ. ಬೆಳಿಗ್ಗೆ ಇಲ್ಲಿಗೆ ಬಂದ್ರು. ‘ವಿಜಿ, ನನ್ನ ಮಗಳು ನಿನ್ನೆ ಒಂದು ಮಾತು ಕೇಳಿದ್ಲು. ಒಬ್ಬರನ್ನಾದರೂ ಸಮಾಧಾನ ಮಾಡಿದ್ದೀಯಾ ಅಂತ. ಮಾಡಬೇಕಾದವರು ಒಬ್ಬರು ಅವ್ರೆ. ಇಷ್ಟು ವರ್ಷ ಸಂಗೀತದಾಗೆ ಬಚ್ಚಿಟ್ಟು ಬಚ್ಚಿಟ್ಟು ಸಾಕಾಯ್ತು, ಬಾಯಲ್ಲಿ ಹೇಳ್ತೀನಿ’ ಅಂದ್ರು. ನನಗೆ ಏನೂ ಅರ್ಥ ಆಗಲಿಲ್ಲ. ‘ದಿಬ್ಬದ ಮೇಲಿಂದ ಆ ಶಾಫ್ಟು ಕಾಣ್ತದೆ, ಅಲ್ಲಿಗೆ ನಡಿ’ ಅಂದ್ರು.”

ಗಂಗರತ್ನಮ್ಮನ ಕಣ್ಣ ಮುಂದೆ ವನಿತಾಳ ಮುಖ ಬಂತು. ಆ ಹುಡುಗಿ ಆಡಿದ ಮಾತೇ ಅವನನ್ನು ದಿಬ್ಬ ಹತ್ತಿಸಿತ್ತು. ಸಾಯಲು ಹೋಗಿರಲಿಲ್ಲ ಅವನು, ಜೀವಮಾನದಲ್ಲಿ ಮೊದಲ ಸಲ ಒಬ್ಬರನ್ನು ಸಂತೈಸಲು ಹೋಗಿದ್ದ. ಇದನ್ನು ಮಗಳಿಗೆ ಯಾವ ಬಾಯಲ್ಲಿ ಹೇಳುವುದು?

“ಮೇಲೆ ಓದ ಮೇಲೆ?”

“ಹೇಳಿದ್ರು. ಕಾಲಿಗೆ ಬಿದ್ರು. ನಾನು ಕಾಲು ಕಿತ್ತುಕೊಂಡು ಕೆಳಗೆ ಇಳಿದುಬಿಟ್ಟೆ. ಹಿಂದಿನಿಂದ ‘ವಿಜಿ’ ಅಂತ ಕೂಗಿದ್ರು. ತಿರುಗಲಿಲ್ಲ ಮೇಡಂ.” ಅವನು ಮೇಜಿನ ಮೇಲಿದ್ದ ಪೆನ್ನಿಗೆ ಕೈ ಹಾಕಿದ. “ತಿರುಗಿ ನೋಡಲಿಲ್ಲ. ಅಷ್ಟೇ. ಆಮೇಲೆ ಅವರೇ ಹಾರಿಕೊಂಡಿರಬೇಕು. ಬರ್ಕೊಳ್ಳಿ. ನನ್ನಿಂದಲೇ ಹಾರಿದ್ರು ಅಂತ ಬರ್ಕೊಳ್ಳಿ, ಸಹಿ ಹಾಕ್ತೀನಿ.”

ಕೊನೆಯ ಮಾತು ತುಸು ಅವಸರದಲ್ಲಿ ಬಂತು. ಇಷ್ಟು ಹೊತ್ತು ಒಂದೊಂದೇ ಮಾತನ್ನು ಮುಳ್ಳಿನಂತೆ ಕೀಳಿಸಿಕೊಂಡವನು, ಈಗ ಪೆನ್ನನ್ನು ತಾನೇ ಅವಳತ್ತ ತಳ್ಳುತ್ತಿದ್ದ.

ಗಂಗರತ್ನಮ್ಮ ಪೆನ್ನು ಮುಟ್ಟಲಿಲ್ಲ.

“ಸಮಾಧಾನ ಮಾಡಬೇಕಾದವರು ಒಬ್ಬರು ಅವ್ರೆ ಅಂದ್ರಲ್ಲ ಮೇಷ್ಟ್ರು. ಅದು ನೀನಲ್ಲ ಕಣಪ್ಪ. ನಿಂಗೆ ಅಪ್ಪನ ಮುಖವೂ ನೆನಪಿಲ್ಲ.”

“ಮೇಡಂ, ಬೇಡ.”

“ಕುಡುಕನ ಎಂಡ್ತಿ ಅನ್ನಿಸಿಕೊಂಡೋರು ಬೇರೆ ಅವ್ರೆ.”

“ನನ್ನ ಕರ್ಕೊಂಡು ಹೋಗಿ ಮೇಡಂ. ಈಗಲೇ ನಡೀರಿ. ನಾನೇ ತಳ್ಳಿದೆ. ನಾನೇ...”

“ವಿಜೀ, ಸಾಕು ಬುಡು ಮಗಾ.”

ಪರದೆ ಸರಿಯಿತು. ಬಿಳಿ ತಲೆಯ, ಗುಬ್ಬಿಯಷ್ಟು ಚಿಕ್ಕ ಹೆಂಗಸು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ವಿಜಯಕುಮಾರ್ ಎದ್ದು ಓಡಿ ಅವಳ ಭುಜ ಹಿಡಿದ. ಒಳಕ್ಕೆ ಕರೆದುಕೊಂಡು ಹೋಗಲು ನೋಡಿದ, ಅವಳು ಕದಲಲಿಲ್ಲ.

“ನಾನು ಮುನಿನಾರಾಯಣಮ್ಮ,” ಎಂದಳು ಗಂಗರತ್ನಮ್ಮನಿಗೆ. “ಇವನ ತಾಯಿ. ಮೇಷ್ಟ್ರು ಕರೆದವ್ರೆ ಅಂತ ಇವನು ಆಟೋದಾಗೆ ನನ್ನೂ ದಿಬ್ಬಕ್ಕೆ ಕರ್ಕೊಂಡು ಓಗಿದ್ದ. ‘ನೀನು ಇಳಿದು ಓಗು, ನಾನು ಆತನ ತಾವ ಮಾತಾಡ್ಬೇಕು’ ಅಂತ ನಾನೇ ಇವನ್ನ ಕೆಳಕ್ಕೆ ಕಳಿಸ್ದೆ. ಇವನು ಏನೂ ನೋಡಿಲ್ಲ ತಾಯಿ.”

“ಅಮ್ಮಾ, ಸುಮ್ಕಿರು!”

“ನಲವತ್ತನಾಕು ವರ್ಷ ಸುಮ್ಕಿದ್ದೆ ಕಣೋ.”

ಗಂಗರತ್ನಮ್ಮ ಎದ್ದು ತನ್ನ ಕುರ್ಚಿಯನ್ನೇ ಅವಳಿಗೆ ಕೊಟ್ಟಳು. ಮುದುಕಿ ಕೂತು, ಸೆರಗಿನ ತುದಿಯ ಗಂಟನ್ನು ಬಿಚ್ಚತೊಡಗಿದಳು. ಬೆರಳು ಸೊಟ್ಟಗಾಗಿದ್ದವು, ಗಂಟು ಬಿಗಿಯಾಗಿತ್ತು. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಯಾರೂ ನೆರವಿಗೆ ಹೋಗಲಿಲ್ಲ.

ಒಳಗಿದ್ದುದು ತಿಳಿನೀಲಿ ಬಟ್ಟೆಯ ತುಂಡು. ಅಂಗಿಯ ಜೇಬು. ಹೊಲಿಗೆ ಸಮೇತ ಕಿತ್ತು ಬಂದಿತ್ತು. ಅದರೊಳಗೆ ಮೋಟು ಪೆನ್ಸಿಲೊಂದು ಇನ್ನೂ ಹಾಗೇ ಇತ್ತು. ಹೆಣದ ಅಂಗಿಗೆ ಜೇಬಿರಲಿಲ್ಲ. ಬೀಳುವಾಗ ಕಲ್ಲಿಗೆ ಸಿಕ್ಕಿ ಹರಿದಿರಬೇಕೆಂದು ಪಂಚನಾಮೆಯಲ್ಲಿ ಬರೆದವಳು ಗಂಗರತ್ನಮ್ಮನೇ.

“ಎಲ್ಲಾ ಯೇಳಿ ಮುಗಿಸಿ, ಆತ ಅಂಚಿಗೆ ಓಗಿ ನಿಂತ,” ಎಂದಳು ಮುನಿನಾರಾಯಣಮ್ಮ. “ಶಾಫ್ಟಿನ ಕಡೆ ಮುಖ ಮಾಡಿದ್ದ. ಬೀಳೋ ಅಂಗೂ ಇದ್ದ, ನಿಂತಿರೋ ಅಂಗೂ ಇದ್ದ. ನಾನು ಎದ್ದು ಓಗಿ ಪಕ್ಕದಿಂದ ಎದೆ ತಾವ ಅಂಗಿ ಇಡ್ಕೊಂಡೆ. ಜೇಬು ಕೈಯಾಗೇ ಉಳೀತು.”

ಅವಳು ಆ ತುಂಡನ್ನು ಅಂಗೈಯಲ್ಲಿ ಮಡಚಿದಳು, ಬಿಡಿಸಿದಳು. ಕೆಳಗೆ ಬಂಗಾರಪೇಟೆಯ ಬಸ್ಸು ಹೊರಟುಹೋಯಿತು.

“ಈ ಒಂಬತ್ತು ದಿನದಿಂದ ಕೂತು ಕೂತು ಯೋಚನೆ ಮಾಡ್ತಾ ಇವ್ನಿ ತಾಯಿ. ನೀನಾದ್ರೂ ಯೇಳು,” ಎಂದಳು, ಮುಖ ಎತ್ತಿ. “ಇಂದಕ್ಕೆ ಎಳೆಯೋಕೆ ಇಡ್ಕೊಂಡೆನೋ, ಮುಂದಕ್ಕೆ ತಳ್ಳೋಕೆ ಇಡ್ಕೊಂಡೆನೋ, ನಂಗೇ ಗೊತ್ತಾಗ್ತಿಲ್ಲ.”